ಎರಡನೆಯ ಚುಕ್ಕಿ

"ಗುರುಗಳೇ, ನಮ್ಮ ಸುತ್ತಿನ ಹಳ್ಳಿಗಳಲ್ಲಿ ನನ್ನಂಥ ಗಣಿತದ ಮೇಷ್ಟ್ರು ಇನ್ನೊಬ್ಬನಿಲ್ಲ. ನನ್ನ ತರಗತಿಯಲ್ಲಿ ಒಬ್ಬರೂ ನಪಾಸಾಗುವುದಿಲ್ಲ. ಇನ್ನು ನಾನು ಕಲಿಯಬೇಕಾದದ್ದು ಏನಿದೆ?" ಎಂದು ಶಿಷ್ಯನೊಬ್ಬ ಕೇಳಿದ. ಕೇಳುವಾಗ ಎದೆಯುಬ್ಬಿಸಿ ಕೂತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಮೇಷ್ಟ್ರಿದ್ದ. ಅವನೂ ನಿನ್ನಂತೆಯೇ ಗಟ್ಟಿಗ. ಶಂಕುವಿನ ಛೇದಗಳನ್ನು ಕಪ್ಪುಹಲಗೆಯ ಮೇಲೆ ಕಲಿಸುವುದು ಕೈಲಾಗದವರ ಕೆಲಸ ಎನ್ನುತ್ತಿದ್ದ. ಕಂಪ್ಯೂಟರಿನ ಪರದೆಯ ಮೇಲೆ ಒಂದು ಶಂಕು ನಿಲ್ಲಿಸುತ್ತಿದ್ದ. ಅದನ್ನು ಅಡ್ಡಕ್ಕೆ ಕೊಯ್ದರೆ ವೃತ್ತ. ತುಸು ಓರೆಯಾಗಿ ಕೊಯ್ದರೆ ದೀರ್ಘವೃತ್ತ. ಶಂಕುವಿನ ಇಳಿಜಾರಿಗೇ ಸಮನಾಗಿ ಕೊಯ್ದರೆ ಪರವಲಯ. ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದರು.

ಅರ್ಥವಾಗದ ಮಕ್ಕಳು "ಸರ್, ಇನ್ನೊಮ್ಮೆ ಹೇಳ್ರಿ" ಎನ್ನುತ್ತಿದ್ದರು. ಆ ಮಾತು ಕೇಳಿದರೆ ಅವನಿಗಾಗುತ್ತಿರಲಿಲ್ಲ. ಹಾಗೆ ಕೇಳಿದವರನ್ನು ಪರೀಕ್ಷೆಗೆ ಮುಂಚೆಯೇ ಶಾಲೆ ಬಿಡಿಸಿ ಮನೆಗೆ ಕಳಿಸುತ್ತಿದ್ದ. ಅವರೇ ತರಗತಿಯಲ್ಲಿ ಇಲ್ಲದ ಮೇಲೆ ನಪಾಸಾಗುವವರು ಯಾರು?

ಶಾಲೆಯ ಹಿಂದೆ ಒಂದು ಹಳೆಯ ಬಾಗಿದ ಗೋಡೆ ಇತ್ತು. ಅರ್ಧ ಬಿದ್ದುಹೋಗಿತ್ತು. ಯಾರು ಕಟ್ಟಿದ್ದೋ, ಯಾತಕ್ಕೋ. ಊರಿನವರು ಅದರ ಮುಂದೆ ಹಾಯುವಾಗ ಮಾತಾಡುತ್ತಿರಲಿಲ್ಲ. ಹೆಂಗಸರು ಬಾಯಿಗೆ ಸೆರಗು ಹಿಡಿಯುತ್ತಿದ್ದರು. ಅಲ್ಲಿ ಆಡಿದ ಮಾತು ಸಾಯುವುದಿಲ್ಲ ಎಂದು ಅವರ ನಂಬಿಕೆ.

"ಸಾಯದೆ ಮತ್ತೇನು, ಮೊಟ್ಟೆ ಇಡುತ್ತದೆಯೇ?" ಎಂದು ಮೇಷ್ಟ್ರು ನಕ್ಕ.

ಮಕ್ಕಳಿಂದ ಗೋಡೆಯನ್ನು ಅಳೆಸಿ ಅಳತೆಯನ್ನು ಪರದೆಗೆ ತಂದ. ಎರಡು ಚುಕ್ಕಿ ಇಟ್ಟು, ಅವುಗಳ ಆಸರೆಯಿಂದ ಒಂದು ದೀರ್ಘವೃತ್ತ ಎಳೆದ. ಚುಕ್ಕಿಗಳನ್ನು ಸರಿಸುತ್ತ ಹೋದ. ಗೆರೆ ಗೋಡೆಯ ಮೇಲೆ ಸರಿಯಾಗಿ ಕೂತಿತು. ಬಿದ್ದುಹೋದ ಅರ್ಧವೂ ಪರದೆಯ ಮೇಲೆ ಎದ್ದು ನಿಂತಿತು.

"ಈ ಎರಡು ಚುಕ್ಕಿಗಳೇ ನಾಭಿಗಳು. ಒಂದರಲ್ಲಿ ಪಿಸುಗುಟ್ಟಿದ್ದು ಗೋಡೆಗೆ ಬಡಿದು ಇನ್ನೊಂದರಲ್ಲಿ ಬಂದು ಸೇರುತ್ತದೆ. ದೆವ್ವವೂ ಇಲ್ಲ, ಗಿವ್ವವೂ ಇಲ್ಲ. ತಿಳಿಯಿತೇನ್ರೋ?"

ಗೋಡೆಯ ಮುಂದಿನ ಬಯಲಿನಲ್ಲಿ ಆ ಎರಡು ಜಾಗ ಗುರುತಿಸಿ ಗೂಟ ನೆಟ್ಟರು. ಒಂದು ಗೂಟದ ಬಳಿ ತಾನು ನಿಂತ. ಇನ್ನೊಂದರ ಬಳಿ ಒಬ್ಬ ಹುಡುಗಿಯನ್ನು ನಿಲ್ಲಿಸಿದ. ತರಗತಿಯಲ್ಲಿ ಎಲ್ಲರಿಗಿಂತ ಹಿಂದೆ ಇದ್ದವಳು ಅವಳೇ.

"ನಿನಗೆ ಲೆಕ್ಕ ಬೇಡವ್ವಾ, ನಿಂತರೆ ಸಾಕು. ಏನಾದರೂ ಪಿಸುಗುಟ್ಟು."

ಅವಳು ಪಿಸುಗುಟ್ಟಿದಳು. ಬಯಲಿನಾಚೆಯ ದನಿ ಅವನ ಕಿವಿಯ ಪಕ್ಕದಲ್ಲೇ ಕೇಳಿತು: "ಸರ್, ಇನ್ನೊಮ್ಮೆ ಹೇಳ್ರಿ."

ಕೇಳಿತು ಎಂದು ಅವನು ಕೈಯೆತ್ತಿದ. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಸಂಜೆಯೇ ಹುಡುಗಿಯನ್ನು ಕರೆದು, "ನಾಳೆಯಿಂದ ಬರಬೇಡ" ಎಂದ.

"ಸಾಲಿ ಬಿಟ್ರ ಮನ್ಯಾಗ ಮದುವಿ ಮಾಡಿಬಿಡ್ತಾರ್ರಿ, ಸರ್."

"ಅದು ನನ್ನ ಪಾಠದಲ್ಲಿ ಬರುವುದಿಲ್ಲ," ಎಂದ ಮೇಷ್ಟ್ರು.

ಮರುದಿನ ಅವನ ಪಾಠ ನೋಡಲು ಅಧಿಕಾರಿಗಳು ಬಂದರು. ಎರಡನೆಯ ಗೂಟದ ಬಳಿ ಈ ಸಲ ತರಗತಿಯ ಜಾಣ ಹುಡುಗ ನಿಂತಿದ್ದ. ಮೇಷ್ಟ್ರು ಕೈಸನ್ನೆ ಮಾಡಿದ. ಹುಡುಗ ತುಟಿ ತೆರೆಯುವ ಮೊದಲೇ ಕಿವಿಯ ಪಕ್ಕ ದನಿ ಬಂತು.

"ಸರ್, ಇನ್ನೊಮ್ಮೆ ಹೇಳ್ರಿ."

ಅವಳ ದನಿ. ಅದರ ಹಿಂದೆ ಇನ್ನೊಂದು, ಹೋದ ವರ್ಷ ಮನೆಗೆ ಕಳಿಸಿದವನದು. ಅದರ ಹಿಂದೆ ಮತ್ತೊಂದು. ಒಂದೊಂದನ್ನೂ ಅವನು ಗುರುತು ಹಿಡಿದ. ದನಿಗಳು ಗೋಡೆಯ ಕಡೆಯಿಂದ ಬರುತ್ತಿರಲಿಲ್ಲ. ಗೋಡೆ ಬಿದ್ದುಹೋದ ಕಡೆಯಿಂದ, ಏನೂ ಇಲ್ಲದ ಬಯಲಿನಿಂದ ಬರುತ್ತಿದ್ದವು. ಹುಡುಗ ಬಾಯಿ ಮುಚ್ಚಿಕೊಂಡೇ ನಿಂತಿದ್ದ.

"ಏನು ಕೇಳಿತ್ರೀ?" ಎಂದರು ಅಧಿಕಾರಿಗಳು.

"ಏನಿಲ್ಲ," ಎಂದವನೇ ಮೇಷ್ಟ್ರು ತರಗತಿಗೆ ಓಡಿದ. ಪರದೆಯ ಮೇಲಿದ್ದ ಎರಡನೆಯ ಚುಕ್ಕಿಯನ್ನು ಅಳಿಸಿದ. ಯಾವ ಚುಕ್ಕಿಯ ಆಸರೆಯಿಂದ ಗೆರೆ ಎಳೆದಿದೆಯೋ ಆ ಚುಕ್ಕಿ ಹೋದರೆ ಗೆರೆಯೂ ಹೋಗುತ್ತದೆ. ಮಕ್ಕಳಿಗೆ ಇದನ್ನು ಕಲಿಸಿದವನು ಅವನೇ. ಗಾಬರಿಯಲ್ಲಿ ಮರೆತಿದ್ದ. ದೀರ್ಘವೃತ್ತ ಪೂರ್ತಿ ಮಾಯವಾಯಿತು. ಬಿಳಿ ಪರದೆಯ ಮೇಲೆ ಒಂದೇ ಚುಕ್ಕಿ ಉಳಿಯಿತು, ಅವನು ನಿಂತಿದ್ದ ಜಾಗದ್ದು.

ಹೊರಗಿನ ದನಿಗಳು ನಿಂತವು. ಅವನಿಗೆ ಜೀವ ಬಂದಂತಾಯಿತು. ಮಕ್ಕಳು ಬಂದು ಕೂತರು. ಅಧಿಕಾರಿಗಳೂ ಹಿಂದಿನ ಬೆಂಚಿನಲ್ಲಿ ಕೂತರು. ಅವನು ಗಂಟಲು ಸರಿಮಾಡಿಕೊಂಡು ಪಾಠ ಶುರುಮಾಡಿದ. ತಾನು ಆಡುವುದು ತನಗೆ ಚೆನ್ನಾಗಿಯೇ ಕೇಳುತ್ತಿತ್ತು.

ಮುಂದಿನ ಬೆಂಚಿನ ಜಾಣ ಹುಡುಗ ಎದ್ದು ನಿಂತ.

"ಸರ್, ಇನ್ನೊಮ್ಮೆ ಹೇಳ್ರಿ," ಎಂದ. "ಬರೇ ತುಟಿ ಆಡ್ತಾವು. ಏನೂ ಕೇಳವಲ್ದು."

ಮೇಷ್ಟ್ರು ಇನ್ನೊಮ್ಮೆ ಹೇಳಿದ. ಈಗ ಮಕ್ಕಳೆಲ್ಲ ಎದ್ದು ನಿಂತರು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.  ಶಿಷ್ಯ ತಗ್ಗಿದ ದನಿಯಲ್ಲಿ ಕೇಳಿದ:

"ಆ ಹುಡುಗಿ ಏನಾದಳು, ಗುರುಗಳೇ?"

"ಮೊನ್ನೆ ನೀನೇ ಒಬ್ಬಳನ್ನು ಮನೆಗೆ ಕಳಿಸಿದೆಯಲ್ಲ, ಹೋಗಿ ಅವಳನ್ನೇ ಕೇಳು," ಎಂದರು ಗುರುಗಳು.