ಪಾದ್ರಿ ಬರೆದುಕೊಂಡ ಹಾಡು

ಕಾಳಿ ನದಿ ಸಮುದ್ರ ಸೇರುವಲ್ಲಿ, ಕಾರವಾರದ ಎದುರು ದಡದಲ್ಲಿ ಅಚ್ಯುತಬುವಾ ಅವರ ಆಶ್ರಮ. ಆಶ್ರಮವೆಂದರೆ ಎರಡು ಕೋಣೆ, ಒಂದು ಜಗಲಿ, ಅಷ್ಟೇ.

ಶಿಷ್ಯನೂ ಒಬ್ಬನೇ. ಹೆಸರು ರೋಹಿದಾಸ. ಮಡಗಾಂವಿನ ಕಾಲೇಜೊಂದರಲ್ಲಿ ಹನ್ನೆರಡು ವರ್ಷ ಪಾಠ ಹೇಳಿ, ಅದನ್ನು ಬಿಟ್ಟು ಬಂದವನು. ಪೋರ್ಚುಗೀಸರು ನಮ್ಮ ಬಗ್ಗೆ ಬರೆದದ್ದನ್ನು ಯಾಕೆ ನಂಬಬಾರದು ಎಂಬುದು ಅವನ ಪಾಠವಾಗಿತ್ತು. ಕೆಲಸ ಬಿಟ್ಟರೂ ಸಂಶಯ ಬಿಟ್ಟಿರಲಿಲ್ಲ. ಅನ್ನ ಹಾಕಿದ ವಿದ್ಯೆಯನ್ನು ಯಾರು ತಾನೇ ಬಿಡುತ್ತಾರೆ?

ಬುವಾ ಬಳಿ ದೇವಚಾರನ ಹಾಡು ಇತ್ತು. ದೇವಚಾರ ಊರಿನ ಗಡಿ ಕಾಯುವವನು. ದಾರಿ ತಪ್ಪಿದವರ ಮುಂದೆ ಕೋಲು ಕುಟ್ಟುತ್ತ ನಡೆದು ಮನೆ ಮುಟ್ಟಿಸುವವನು. ಪೋರ್ಚುಗೀಸರ ಕಾಟ ತಾಳದೆ ಗೋವೆಯಿಂದ ಹೊಳೆ ದಾಟಿ ಬಂದ ಹಿರಿಯರು ಹನ್ನೆರಡು ನುಡಿಯ ಆ ಹಾಡನ್ನು ಜೊತೆಗೆ ತಂದಿದ್ದರು.

ಬುವಾ ಕಾಲಕ್ಕೆ ಉಳಿದದ್ದು ನಾಲ್ಕು ನುಡಿ. ಧಾಟಿ ಮಾತ್ರ ಪೂರ್ತಿ ಉಳಿದಿತ್ತು. ಮಿಕ್ಕ ಎಂಟು ನುಡಿಗಳನ್ನು ಅವರ ತಾಯಿ ಅಕ್ಕಿ ಬೀಸುತ್ತ ಬಾಯಿ ಮುಚ್ಚಿ ಗುನುಗುತ್ತಿದ್ದಳಂತೆ. ಬರಿಯ ಗುನುಗು ಕಲಿಸಲು ಬರುವುದಿಲ್ಲ, ಅದು ದಿನಕ್ಕೊಂದು ಕಡೆ ಹೊರಳುತ್ತದೆ, ಮಾತು ಸಿಕ್ಕಿದರೆ ಮಾತ್ರ ನಿಲ್ಲುತ್ತದೆ ಎಂದು ಬುವಾ ಹೇಳುತ್ತಿದ್ದರು.

ಬರುವ ಸೋಮವಾರ ಬುವಾ ಅವರ ಗಂಟಲಿಗೆ ಆಪರೇಶನ್. ಆಮೇಲೆ ಮಾತು ಬಂದರೆ ಪುಣ್ಯ, ಹಾಡಂತೂ ಇಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು.

ಆ ವಾರವೇ ಲಿಸ್ಬನ್ನಿನಿಂದ ಹಾಳೆಗಳು ಬಂದವು. ಅಲ್ಲಿ ಓದುತ್ತಿದ್ದ ರೋಹಿದಾಸನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಕೈಬರಹದ ಪುಸ್ತಕದ ಫೋಟೋ ತೆಗೆದು ಕಳಿಸಿದ್ದಳು. ಮುನ್ನೂರು ವರ್ಷದ ಹಿಂದೆ ಒಬ್ಬ ಪಾದ್ರಿ, ಯಾವ ಹಾಡುಗಳನ್ನು ನಿಲ್ಲಿಸಬೇಕೆಂದು ತೀರ್ಮಾನಿಸಲು, ಊರಿನ ಹೆಂಗಸೊಬ್ಬಳನ್ನು ಕೂರಿಸಿ ಹಾಡಿಸಿ ಬರೆದುಕೊಂಡಿದ್ದ. ಮಾತು ಕೊಂಕಣಿ, ಅಕ್ಷರ ರೋಮನ್, ಅಂಚಿನಲ್ಲಿ ಪೋರ್ಚುಗೀಸಿನಲ್ಲಿ ಅವನ ಟಿಪ್ಪಣಿ.

ದೇವಚಾರನ ಹಾಡು ಅದರಲ್ಲಿತ್ತು. ಹನ್ನೆರಡಲ್ಲ, ಹದಿಮೂರು ನುಡಿ.

ಬೇರೆ ಯಾರಾದರೂ ಆಗಿದ್ದರೆ ಸಂತೋಷಕ್ಕೆ ಅತ್ತುಬಿಡುತ್ತಿದ್ದರು. ರೋಹಿದಾಸ ಕೆಂಪು ಪೆನ್ನು ತೆಗೆದ.

ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿಗೆ ಅವನು ತಿದ್ದಿದ ಪ್ರತಿಯನ್ನು ಬುವಾ ಮುಂದೆ ಇಟ್ಟ. ಮೂರು ನುಡಿ ಉಳಿದಿದ್ದವು.

"ನಮ್ಮ ಹತ್ರ ಮೊದಲೇ ನಾಲ್ಕಿತ್ತಲ್ಲ?" ಎಂದರು ಬುವಾ.

"ನಾಲ್ಕನೆಯದರ ಮೇಲೂ ಈಗ ಸಂಶಯ ಬಂದಿದೆ."

ಅವನ ಕಾರಣಗಳು ಗಟ್ಟಿಯಾಗಿಯೇ ಇದ್ದವು. ಒಂದು ನುಡಿಯಲ್ಲಿ ಕಿಟಕಿಗೆ ಜನೇಲ್ ಎಂದಿದೆ, ಅದು ಪೋರ್ಚುಗೀಸರ ಮಾತು. ಇನ್ನೊಂದರಲ್ಲಿ ಮನೆಯೆದುರಿನ ಕಟ್ಟೆಗೆ ಬಲ್ಕಾಂವ್ ಎಂದಿದೆ, ಅದೂ ಅವರದೇ. ಏಳನೆಯ ನುಡಿಯಲ್ಲಂತೂ ಒಂದು ಕಾಗೆ ಬಂದು ಕೂರುತ್ತದೆ. ಬಿತ್ತನೆಗೆ ಮೊದಲು ಹಾಡುವ ಶುಭದ ಹಾಡಿನಲ್ಲಿ ಕಾಗೆ ಕೂರುವುದುಂಟೇ? ಅದು ಪಾದ್ರಿ ಬೇಕೆಂದೇ ತುರುಕಿದ ಹೆಚ್ಚಿನ ನುಡಿ. ಇನ್ನು ಹಾಡಿದವಳು ಯಾರು? ಓಡಿಬರದೆ ಅಲ್ಲೇ ಉಳಿದು ಮತ ಬದಲಿಸಿದವಳು. ಹೆದರಿಕೆಗೋ ಹೊಟ್ಟೆಗೋ ಊರಿನ ಹಾಡನ್ನು ಹಗೆಯ ಕೈಗೆ ಕೊಟ್ಟವಳು.

ಬುವಾ ಶಿಷ್ಯನ ತಟ್ಟೆಯ ಸಾರಿನಿಂದ ಮೆಣಸಿನಕಾಯಿಯನ್ನು ಎತ್ತಿ ಆಚೆ ಇಟ್ಟರು.

ರೋಹಿದಾಸನಿಗೆ ರೇಗಿತು. "ಮೆಣಸಿನಕಾಯಿ ತಂದವರು ಅವರೇ ಅಂತ ತಾನೇ? ಈ ಪಾಠ ನಾನೇ ಎಷ್ಟೋ ಸಲ ಮಾಡಿದ್ದೇನೆ ಬುವಾ. ಮೆಣಸಿನಕಾಯಿಯನ್ನು ನಾವು ತಿಂದು ನಮ್ಮದು ಮಾಡಿಕೊಂಡೆವು. ಹಾಡನ್ನು ಅವರು ತಿಂದು ಉಗುಳಿದ್ದಾರೆ."

"ಅದೂ ಸರಿಯೇ," ಎಂದು ಬುವಾ ಮೆಣಸಿನಕಾಯಿಯನ್ನು ತಿರುಗಿ ಅವನ ತಟ್ಟೆಗೆ ಹಾಕಿದರು.

ಶನಿವಾರ ಬೆಳಿಗ್ಗೆ ಕೊನ್ಸುಬಾಯಿ ಬಂದಳು. ಆಕೆ ಇಗರ್ಜಿಯ, ಎಂದರೆ ಚರ್ಚಿನ, ಹಿಂದಿನ ಕೇರಿಯಲ್ಲಿ ಪಾವ್ ಸುಟ್ಟು ಮಾರುವ ಮುದುಕಿ. ಅವಳ ಹಿರಿಯರೂ ಗೋವೆಯಿಂದ ಬಂದವರೇ, ಆದರೆ ಕ್ರಿಸ್ತುವರಾದ ಮೇಲೆ ಬಂದವರು. ಬುವಾ ಗಂಟಲಿನಲ್ಲಿ ಈಗ ಇಳಿಯುತ್ತಿದ್ದದ್ದು ಚಹಾದಲ್ಲಿ ಅದ್ದಿದ ಅವಳ ಪಾವ್ ಒಂದೇ.

ಪಾದ್ರಿಯೊಬ್ಬ ಹೆಂಗಸೊಬ್ಬಳಿಂದ ಹಾಡಿಸಿ ಬರೆದುಕೊಂಡದ್ದು ಎಂದು ಕೊನ್ಸುಬಾಯಿಗೆ ತಿಳಿಸಿ, ಹಾಡನ್ನು ಈಕೆಗೆ ಓದಿ ಹೇಳು ಎಂದರು ಬುವಾ. ಕೆಂಪು ಗೆರೆ ಹೊಡೆದದ್ದನ್ನೂ ಸೇರಿಸಿ, ಪೂರ್ತಿ.

ರೋಹಿದಾಸ ಒಲ್ಲದ ಮನಸ್ಸಿನಿಂದಲೇ ಓದತೊಡಗಿದ. ಮೊದಲ ಸಾಲಿನಲ್ಲೇ ದೇವಚಾರನ ಹೆಸರು ಬಂತು. ಕೊನ್ಸುಬಾಯಿ ಬೆಚ್ಚಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

"ಬೆಳಿಗ್ಗೆ ಬೆಳಿಗ್ಗೆ ಸೈತಾನನ ಹಾಡು ಎಂತಕ್ಕೆ ಬಾಬ್?"

ಅವಳ ಇಗರ್ಜಿಯ ಕೊಂಕಣಿಯಲ್ಲಿ ದೇವಚಾರ ಎಂದರೆ ಸೈತಾನ. ರೋಹಿದಾಸ ಬುವಾ ಕಡೆ ನೋಡಿದ. ನೋಡಿದಿರಾ, ಕಾಯುವವನನ್ನು ಏನು ಮಾಡಿಟ್ಟಿದ್ದಾರೆ ಎಂಬಂತಿತ್ತು ಆ ನೋಟ. ಬುವಾ ಮುಂದೆ ಓದು ಎಂದು ಕೈ ಮಾಡಿದರು.

ಏಳನೆಯ ನುಡಿ ಬಂತು.

"ಕರಿ ಕಾವ್ಳೊ ಬಂದು ಬಲ್ಕಾಂವಿನಲ್ಲಿ ಕೂತ. ಕಾಲಿಂದ ಕೆದರುತ್ತಾನೆ, ಕೆದರಲಿ ಬಿಡು. ಹೊಟ್ಟು ಅವನಿಗೆ, ಭತ್ತ ಕಣಜಕ್ಕೆ."

ಕೊನ್ಸುಬಾಯಿ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ.

ಕಾವ್ಳೊ ಎಂದರೆ ಕಾಗೆ, ಅದರಲ್ಲಿ ನಗುವುದೇನಿದೆ ಎಂದು ರೋಹಿದಾಸ ಕೇಳಿದ.

"ಕಾಗೆ ಅಲ್ಲ ಬಾಬ್. ಕರಿ ನಿಲುವಂಗಿಯ ಪಾದ್ರಿಗಳು ಬೀದಿಯಲ್ಲಿ ಬರೋದು ಕಂಡ್ರೆ ನನ್ನ ಅಜ್ಜಿ ಒಳಗೆ ಬಂದು ಹೇಳ್ತಿದ್ಲು, ಕಾವ್ಳೊ ಬಂದ, ಮಾತು ನಿಲ್ಸಿ ಅಂತ. ಆಮೇಲೆ ಹೊರಗೆ ಹೋಗಿ ಅವರ ಕೈಗೆ ಮುತ್ತು ಕೊಡ್ತಿದ್ಲು. ನನ್ನ ಮೊಮ್ಮಕ್ಕಳಿಗೆ ಮಾತ್ರ ನಾನಿದನ್ನು ಹೇಳ್ಲಿಲ್ಲ. ದೇವರು ಕ್ಷಮಿಸಲಿ."

"ಕೆದರೋದು ಅಂದ್ರೆ?"

"ಆ ಪಾದ್ರಿ ಕಟ್ಟೆ ಮೇಲೆ ಕೂತು ಕಾಗೆ ಕಾಲು ಗುಬ್ಬಿ ಕಾಲು ಅಂತ ಗೀಚ್ತಾ ಇದ್ನಲ್ಲ, ಅದು."

ರೋಹಿದಾಸನಿಗೆ ಹೊಳೆಯಿತು. ಹಾಡುವವಳು ಎದುರಿಗೆ ಕೂತವನನ್ನೇ ಹಾಡಿನಲ್ಲಿ ಸೇರಿಸಿ ಹಾಡಿದ್ದಳು. ಪಾದ್ರಿ ತಲೆ ಬಗ್ಗಿಸಿ ಅದನ್ನೂ ಬರೆದುಕೊಂಡಿದ್ದ.

ಅಂಚಿನ ಟಿಪ್ಪಣಿಯನ್ನು ರೋಹಿದಾಸ ಮತ್ತೆ ನೋಡಿದ. ಹನ್ನೆರಡು ನುಡಿಗಳ ಪಕ್ಕದಲ್ಲಿ ಪಾದ್ರಿ ಒಂದೇ ಮಾತು ಬರೆದಿದ್ದ: ನಿಲ್ಲಿಸತಕ್ಕದ್ದು. ಏಳನೆಯದರ ಪಕ್ಕದಲ್ಲಿ ಮಾತ್ರ ಬೇರೆ ಇತ್ತು: ಹಕ್ಕಿಯ ಕುರಿತ ಮುಗ್ಧ ಪದ್ಯ, ಇರಲಿ.

ಪಾದ್ರಿ ಉಳಿಸಿದ ಆ ಒಂದನ್ನೇ ತಾನು ಎರಡು ಸಲ ಗೆರೆ ಹೊಡೆದು ಅಳಿಸಿದ್ದೇನೆ ಎಂದು ಅವನಿಗೆ ಆಗ ಕಂಡಿತು. ನಾಚಿಕೆಯಾಯಿತು. ನಗುವೂ ಬಂತು. ಆಶ್ರಮಕ್ಕೆ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಕೊನ್ಸುಬಾಯಿ ಬುಟ್ಟಿ ಎತ್ತಿಕೊಂಡು ಹೋದಳು. ನಗು ಅವಳ ಜೊತೆಗೇ ಹೋಯಿತು. ರೋಹಿದಾಸ ಹಾಳೆಗಳನ್ನು ತಿರುವುತ್ತ ಕೂತ. ಅವನ ಹುಬ್ಬು ಮತ್ತೆ ಗಂಟಾಯಿತು.

"ಹೊಟ್ಟು ಅವನಿಗೆ ಅಂತ ಹಾಡಿದವಳೇ ಹೇಳಿದ್ದಾಳೆ ಬುವಾ. ಹಾಗಾದರೆ ಪಾದ್ರಿ ಬರೆದುಕೊಂಡದ್ದೆಲ್ಲ ಹೊಟ್ಟೇ ಇರಬಹುದು. ಒಂದು ನುಡಿಯಲ್ಲಿ ಅವನಿಗೆ ಟೋಪಿ ಹಾಕಿದವಳು ನಮ್ಮಲ್ಲಿಲ್ಲದ ಆ ಎಂಟರಲ್ಲೂ ಹಾಕಿರಬಹುದು."

"ಇರಬಹುದು."

"ಧಾಟಿಗೆ ಕೂರಿಸಿ ನೋಡಿದರೆ ನಿಮಗೆ ಗೊತ್ತಾಗುವುದಿಲ್ಲವೇ?"

"ಸುಳ್ಳೂ ಧಾಟಿಗೆ ಕೂರ್ತದೆ ಮಾರಾಯ."

ರೋಹಿದಾಸ ತಲೆ ಹಿಡಿದುಕೊಂಡ. ಇನ್ನು ಎರಡೇ ದಿನ. ಬರಿಯ ಮಾತನ್ನು ಅವನು ಮುಂದೆ ಎಷ್ಟು ವರ್ಷ ಬೇಕಾದರೂ ಪರೀಕ್ಷಿಸಬಹುದಿತ್ತು. ಧಾಟಿ ಮಾತ್ರ ಬುವಾ ಅವರ ಬಾತ ಗಂಟಲಿನಲ್ಲೇ ಇತ್ತು. ಹೆಂಡತಿ ಸತ್ತಾಗಲೂ ಅಳದವನಿಗೆ ಈಗ ಅಳು ಬಂತು.

"ನನಗೆ ಆ ಪಾದ್ರಿಯನ್ನು ನಂಬಲಿಕ್ಕಾಗುವುದಿಲ್ಲ. ಈಗ ಹಾಡಿದವಳನ್ನೂ ನಂಬಲಿಕ್ಕಾಗುವುದಿಲ್ಲ," ಎಂದ. "ನಂಬದೆ ಹೇಗೆ ಹಾಡಲಿ?"

ಬುವಾ ಗೋಡೆಗೆ ಒರಗಿ ನೆಟ್ಟಗೆ ಕೂತರು. ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡು, ತೊಡೆಯ ಮೇಲೆ ತಾಳ ಹಾಕತೊಡಗಿದರು.

"ಅವಳು ಪಾದ್ರಿಯನ್ನು ನಂಬದೆಯೇ ಹಾಡಿದಳು. ನೀನು ಅವಳನ್ನು ನಂಬದೆಯೇ ಹಾಡು."