ಭೀಮನ ಕೈಯ ತುತ್ತು

“ಗುರುಗಳೇ, ಭೀಮನಂಥ ವೀರನನ್ನು ಚಿತ್ರದಲ್ಲಿ ಹೊಟ್ಟೆಬಾಕನ ಹಾಗೆ ಬರೆಯುತ್ತಾರಲ್ಲ, ಅದು ತಪ್ಪಲ್ಲವೇ?”

ಕೇಳಿದವನು ಶಿಷ್ಯ ಮುದ್ದಯ್ಯ. ಊಟಕ್ಕೆ ಕೂತರೆ ಅವನಿಗೆ ಇಬ್ಬರ ಅನ್ನ ಬೇಕು. ಮಠಕ್ಕೆ ನೀರು ಹೊರುವಾಗ, ಕಟ್ಟಿಗೆ ಒಡೆಯುವಾಗ ಇಬ್ಬರ ಕೆಲಸವನ್ನೂ ಅವನೇ ಮಾಡುತ್ತಿದ್ದ. ಉಳಿದ ಶಿಷ್ಯರ ಕಣ್ಣಿಗೆ ಬೀಳುತ್ತಿದ್ದದ್ದು ಅನ್ನ ಮಾತ್ರ. ಅವರ ತಮಾಷೆ ಮನಸ್ಸಿಗೆ ನಾಟಿ, ಹಸಿವನ್ನೇ ಗೆದ್ದುಬಿಡುತ್ತೇನೆಂದು ಹಟ ಹಿಡಿದು, ಮೂರು ದಿನದಿಂದ ಅವನು ಪಂಕ್ತಿಗೆ ಬಂದಿರಲಿಲ್ಲ. ಗುರುಗಳು ಆ ಮಾತೆತ್ತಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ದಾರಿಹೋಕರಿಗಾಗಿ ಒಂದು ಮಂಟಪ ಕಟ್ಟಿಸಿದ. ಅವನಿಗೆ ಭೀಮನೆಂದರೆ ಪ್ರಾಣ. ಗೋಡೆಯ ಮೇಲೆ ಬಕಾಸುರನ ಕತೆ ಬರೆಯಲು ಒಬ್ಬ ಚಿತ್ರಗಾರನನ್ನು ಕರೆಸಿದ. ಕತೆ ನಿನಗೂ ಗೊತ್ತಿದೆ. ಊರಿನವರು ಸರದಿಯ ಪ್ರಕಾರ ಆ ರಾಕ್ಷಸನಿಗೆ ಒಂದು ಬಂಡಿ ಅನ್ನ, ಜೊತೆಗೆ ಮನೆಯ ಒಬ್ಬರನ್ನು ಕಳಿಸಬೇಕು. ಒಬ್ಬ ಬಡವನ ಮನೆಯ ಸರದಿ ಬಂದಾಗ ಅವರ ಬದಲು ಭೀಮ ಹೋದ. ಹೋದವನು ರಾಕ್ಷಸನಿಗೆ ಬೆನ್ನು ಹಾಕಿ ಕೂತು ಬಂಡಿಯ ಅನ್ನವನ್ನೆಲ್ಲ ತಾನೇ ಉಂಡ. ಬಕ ಹಿಂದಿನಿಂದ ಗುದ್ದಿದ. ಭೀಮ ತಿರುಗಿ ನೋಡಲಿಲ್ಲ. ಉಂಡು, ಕೈ ತೊಳೆದು, ಆಮೇಲೆ ಎದ್ದು ಅವನನ್ನು ಕೊಂದ.

ಚಿತ್ರಗಾರ ಗುದ್ದು ಬೀಳುವ ಹೊತ್ತನ್ನೇ ಬರೆದ. ಮುಂದೆ ಬಂಡಿ, ಕೈಯಲ್ಲಿ ತುತ್ತು, ಉಬ್ಬಿದ ಕೆನ್ನೆ, ಗಡ್ಡದ ಮೇಲೆ ಎರಡು ಅಗುಳು. ವ್ಯಾಪಾರಿ ನೋಡಿ ಸಿಡುಕಿದ. “ನನ್ನ ಭೀಮನಿಗೆ ಒಂದು ಕುಂದೂ ಇರಬಾರದು. ಆ ಅನ್ನ ಅಳಿಸು.” ಚಿತ್ರಗಾರ ಬಂಡಿ ಅಳಿಸಿದ, ತುತ್ತು ಅಳಿಸಿದ, ಅಗುಳನ್ನೂ ಬಿಡಲಿಲ್ಲ.

ಮರುದಿನ ದಾರಿಯಲ್ಲಿ ಬಂದ ಒಬ್ಬ ಮುದುಕಿ ಮಂಟಪದಲ್ಲಿ ದಣಿವಾರಿಸಿಕೊಳ್ಳಲು ಕೂತಳು. ಗೋಡೆ ನೋಡಿ ಲೊಚಗುಟ್ಟಿದಳು. “ಅಯ್ಯೋ ಪಾಪ, ಯಾರು ಹೆತ್ತ ಮಗನೋ! ಸುಮ್ಮನೆ ಕೂತು ಹೊಡೆಸಿಕೊಳ್ಳುತ್ತಿದೆಯಲ್ಲ. ತಿರುಗಿ ನೋಡುವ ಧೈರ್ಯವೂ ಇಲ್ಲ.”

ಅಲ್ಲೇ ಇದ್ದ ವ್ಯಾಪಾರಿ ಆ ಮಾತು ಕೇಳಿ ಚಿತ್ರಗಾರನ ಮನೆಗೇ ಓಡಿದ. “ನನ್ನ ಭೀಮನ ಧೈರ್ಯ ಎಲ್ಲಿ ಹೋಯಿತಯ್ಯಾ?”

“ಬಂಡಿಯ ಜೊತೆಗೇ ಹೋಯಿತು, ಸಾಹುಕಾರರೇ. ಆ ಬಂಡಿಯ ಜೊತೆ ಹೋದವರೆಲ್ಲ ಅಳುತ್ತ ಹೋದರು. ಅನ್ನ ಕಂಡು ನಗುತ್ತ ಹೋದವನು ಇವನೊಬ್ಬನೇ. ಗುದ್ದು ಬಿದ್ದರೂ ಕೈಯ ತುತ್ತು ಬಿಡಲಿಲ್ಲ, ಅಲ್ಲಿ ಕಾಣುವುದು ಅವನ ಧೈರ್ಯ. ತುತ್ತು ತೆಗೆದರೆ ಗುದ್ದು ಮಾತ್ರ ಉಳಿಯುತ್ತದೆ.”

ವ್ಯಾಪಾರಿ ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ, “ಹಾಗಾದರೆ ಬರೆದುಬಿಡು. ಅನ್ನ ತುಸು ಹೆಚ್ಚಾಗಿಯೇ ಇರಲಿ” ಎಂದ.

ಕೆಲವು ದಿನಗಳ ಮೇಲೆ ಮುದುಕಿ ಅದೇ ದಾರಿಯಲ್ಲಿ ಮರಳಿ ಬಂದಳು. ಗೋಡೆ ನೋಡಿ ಬೊಚ್ಚುಬಾಯಿ ತುಂಬ ನಕ್ಕಳು. “ನಿಧಾನವಾಗಿ ಉಣ್ಣಪ್ಪಾ, ನೆತ್ತಿಗೆ ಹತ್ತೀತು” ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಮುದ್ದಯ್ಯನಿಗೆ ಸಮಾಧಾನವಾಗಲಿಲ್ಲ. “ಆದರೂ ಗುರುಗಳೇ, ಹಸಿವನ್ನು ಗೆದ್ದಿದ್ದರೆ ಭೀಮ ಇನ್ನೂ ದೊಡ್ಡವನಾಗುತ್ತಿರಲಿಲ್ಲವೇ?”

“ಅದು ನನಗೆ ಗೊತ್ತಿಲ್ಲಪ್ಪಾ, ನೀನು ಉಣ್ಣದ ಈ ಮೂರು ದಿನ ನಾನೂ ಉಂಡಿಲ್ಲ, ನನಗಂತೂ ಬಹಳ ಹಸಿವಾಗಿದೆ.”