ಬೆಲ್ಲ ಮುಟ್ಟದೆ ಹೋದ ಫಕೀರವ್ವ

ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿಯ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಆ ಮಠದಲ್ಲೊಂದು ಪದ್ಧತಿಯಿತ್ತು. ಯಾರೇ ಬರಲಿ, ಮೊದಲು ಬೆಲ್ಲ, ನೀರು. ಅವರು ಕುಡಿದು, ಸುಧಾರಿಸಿಕೊಂಡು, ತಾವಾಗಿ ಮಾತಾಡುವವರೆಗೆ ಯಾರೂ ಏನನ್ನೂ ಕೇಳುವಂತಿಲ್ಲ, ಹೇಳುವಂತೆಯೂ ಇಲ್ಲ.

ಬೆಲ್ಲ-ನೀರು ಕೊಡುವ ಕೆಲಸ ಶಿಷ್ಯ ಕಲ್ಮೇಶನದು. ಹನ್ನೊಂದು ವರ್ಷದ ಹಿಂದೆ ನೆರೆ ಬಂದು ಅವನ ಮನೆ, ಎತ್ತು, ಹೆಂಡತಿ ಎಲ್ಲವನ್ನೂ ಒಯ್ದಿತ್ತು. ಅವನೊಬ್ಬ ಬೇವಿನ ಮರ ಹತ್ತಿ, ಎರಡು ದಿನ ಅಲ್ಲೇ ಕೂತು ಬದುಕಿದ.

ದೊಡ್ಡ ಸಂಕಟವೇ, ಯಾರೂ ಇಲ್ಲವೆನ್ನಲಾರರು. ಆದರೆ ಬಂದವರ ಕೈಗೆ ಬೆಲ್ಲ ಬೀಳುವ ಮೊದಲೇ ಅವರ ಕಿವಿಗೆ ಈ ಕಥೆ ಬೀಳುತ್ತಿತ್ತು. ಮಠದ ಬೆಕ್ಕಿಗೂ ಅದು ಬಾಯಿಪಾಠವಾಗಿತ್ತು ಅನ್ನಿ.

ಅವತ್ತು ಸಂಜೆ ಅವನಿಗೆ ದೀಕ್ಷೆ. ಮಠಕ್ಕೆ ಬಂದ ದಿನದಿಂದ ಅವನು ಕಾದದ್ದು ಇದಕ್ಕೇ. ಕಾವಿ ಬಟ್ಟೆ ಒಗೆದು, ಒಣಗಿಸಿ, ಮಡಚಿಟ್ಟಾಗಿತ್ತು.

ಮಧ್ಯಾಹ್ನ ಫಕೀರವ್ವ ಎಂಬ ಮುದುಕಿ ಅಳುತ್ತ ಬಂದಳು. ಅಳುವಿನ ನಡುವೆ ತಿಳಿದದ್ದು ಇಷ್ಟೇ: ಅವಳು ಸಾಕಿದ ಆಡಿಗೆ ಹಾವು ಕಚ್ಚಿ, ಅದು ಸತ್ತುಹೋಗಿತ್ತು.

ಕಲ್ಮೇಶನಿಗೆ ನಗು ಬಂತು.

"ಒಂದ ಆಡಿಗೆ ಇಷ್ಟ ಅಳ್ತಿಯೇನಬೇ ಯವ್ವಾ? ಮನಿ, ಎತ್ತು, ಹೇಣ್ತಿ ಎಲ್ಲಾ ಹೊಳಿಗೆ ಕೊಟ್ಟು ನಿಂತಾಂವ ನಾನು. ನನ್ನ ಕಣ್ಣಾಗ ಒಂದ ಹನಿ ನೀರ ಬಂದಿಲ್ಲ!"

ಮುದುಕಿಯ ಅಳು ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡು, ಬೆಲ್ಲ ಮುಟ್ಟದೆ, ಎದ್ದು ಹೊರಟುಹೋದಳು.

ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಾರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಎದ್ದು ಬಂದು, ಮಡಚಿಟ್ಟ ಕಾವಿಯನ್ನು ತೆಗೆದು ತಮ್ಮ ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿದರು.

ಕಲ್ಮೇಶ ಅವರ ಹಿಂದೆಯೇ ಓಡಿಬಂದ.

"ಯಾಕ್ರೀ ಅಜ್ಜಾರ? ನಾ ಏನ್ ತಪ್ಪ ಮಾಡಿದೆ? ಅಕಿಗೆ ಧೈರ್ಯಾನ ಹೇಳಿದ್ನಲ್ರಿ?"

"ಮಠಕ್ಕ ಬಂದಾಕಿ ಒಣ ಬಾಯಿಲೆ ಹೋದಳು."

"ನಾ ಪಟ್ಟ ಕಷ್ಟ ಸಾಲ್ದೇನ್ರಿ? ಅದನ್ನೆಲ್ಲಾ ದಾಟಿ ಗಟ್ಟಿ ಆಗೇನಿ."

"ಗಟ್ಟಿ ಆಗೀ, ಖರೇ. ಆದ್ರ ದಾಟಿಲ್ಲ. ಇನ್ನೂ ಆ ಬೇವಿನ ಗಿಡದ ಮ್ಯಾಲೇ ಕುಂತೀ. ಅಲ್ಲಿಂದನ ಬಂದೋರಿಗೆ ಹೋದೋರಿಗೆ ಒದರಾಕತ್ತೀ."

ಅಜ್ಜಾರು ತಂಬಿಗೆಗೆ ನೀರು ತುಂಬಿ ಅವನ ಒಂದು ಕೈಗೆ ಕೊಟ್ಟರು. ಇನ್ನೊಂದು ಅಂಗೈಯಲ್ಲಿ ಬೆಲ್ಲದ ಚೂರು ಇಟ್ಟರು.

"ಹೋಗು. ಅಕಿ ಕುಡಿಯೂತನಕ ಬಾಯಿ ತೆರೀಬ್ಯಾಡ."

"ಕುಡೀಲಿಲ್ಲಂದ್ರ?"

"ಹಿಡಕೊಂಡು ಕುಂಡ್ರು."

ಕಲ್ಮೇಶ ಒಳಗೊಳಗೇ ಕುದಿಯುತ್ತ ಹೊರಟ. ಊರ ದಾರಿಯಲ್ಲಿ ಒಂದು ಜಾಲಿಯ ಗಿಡದ ಕೆಳಗೆ ಫಕೀರವ್ವ ಕುಳಿತಿದ್ದಳು. ತಂಬಿಗೆ ಮುಂದೆ ಹಿಡಿದ. ಅವಳು ಆ ಕಡೆ ಮುಖ ತಿರುಗಿಸಿದಳು.

ಅವನೂ ಕುಳಿತ. ಬಿಸಿಲಿಗೆ ಬೆಲ್ಲ ಅಂಗೈಗೆ ಅಂಟಿತು, ಇರುವೆ ಹತ್ತಿದವು. ಅಯ್ಯೋ ಎನ್ನುವಂತೆಯೂ ಇಲ್ಲ.

ಬಹಳ ಹೊತ್ತಿನ ಮೇಲೆ ಮುದುಕಿ ತಾನೇ ಮಾತಾಡಿದಳು.

"ಮುತ್ತಿ ಅಂತ ಅದರ ಹೆಸರು. ಮುಂಜಾನೆ ಸೆರಗ ಜಗ್ಗಿ ಎಬ್ಬಸ್ತಿತ್ತು. ನೀರಿಗೆ ಹೋದ್ರ ಹಿಂದ ಬರ್ತಿತ್ತು. ಇವತ್ತ ಯಾರೂ ಎಬ್ಬಸ್ಲಿಲ್ಲ ನೋಡು, ಹೊತ್ತ ಏರೂತನಕ ಮಲಗಿದ್ದೆ."

ಕಲ್ಮೇಶನ ನಾಲಿಗೆ ತುರಿಸಿತು. ನೆರೆಯ ಕಥೆ ಗಂಟಲವರೆಗೆ ಬಂದಿತ್ತು. ಆದರೆ ನೀರು ಇನ್ನೂ ತಂಬಿಗೆಯಲ್ಲೇ ಇತ್ತು, ಅದಕ್ಕೇ ನುಂಗಿಕೊಂಡ.

ಬೇರೆ ದಾರಿಯಿಲ್ಲದೆ ಕಿವಿಗೊಟ್ಟ. ಅವಳು ಹೇಳುತ್ತ ಹೋದಳು. ಕೇಳುತ್ತ ಕೇಳುತ್ತ ಆ ಆಡು ಅವನ ಕಣ್ಣಿಗೂ ಕಟ್ಟಿತು. ಪಾಪ ಅನ್ನಿಸಿತು.

ಕೊನೆಗೆ ಫಕೀರವ್ವ ಕೈ ಚಾಚಿ ತಂಬಿಗೆ ತೆಗೆದುಕೊಂಡಳು. ಅರ್ಧ ಕುಡಿದು, ಬಾಯಿ ಒರೆಸಿಕೊಂಡು ಕೇಳಿದಳು.

"ನಿನ್ನ ಹೇಣ್ತಿ ಹೆಸರೇನಿತ್ತಪಾ?"

ಕಲ್ಮೇಶ ಬಾಯಿ ತೆರೆದ. ಹೆಸರು ಬರಲಿಲ್ಲ.

ಎಷ್ಟು ಜನರಿಗೆ ಆ ಕಥೆ ಹೇಳಿದ್ದನೋ ಲೆಕ್ಕವಿಲ್ಲ. ಅದರಲ್ಲಿ ಅವಳು ಬರೇ ಹೆಂಡತಿ. ಮನೆ, ಎತ್ತು ಆದ ಮೇಲೆ ಬರುವ ಒಂದು ಮಾತು. ಹೆಸರು ಹಿಡಿದು ಕರೆದು ಎಷ್ಟೋ ಕಾಲವಾಗಿತ್ತು.

"ಪಾರವ್ವ," ಅಂದ.

ಅಷ್ಟಕ್ಕೇ ಅಳು ಒತ್ತರಿಸಿಕೊಂಡು ಬಂತು. ಅಷ್ಟು ವರ್ಷ ಅಳದವನು ದಾರಿಯ ಬದಿಯಲ್ಲಿ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಫಕೀರವ್ವ ಅವನ ಬೆನ್ನ ಮೇಲೆ ಕೈಯಿಟ್ಟು ಕುಳಿತಳು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ.

ಅವನು ಮಠಕ್ಕೆ ಮರಳಿದಾಗ ದೀಪ ಹಚ್ಚುವ ಹೊತ್ತು. ಜನ ಕೂಡಿದ್ದರು. ಅವನ ಕಣ್ಣು ಊದಿದ್ದವು, ಕೆನ್ನೆಯ ತುಂಬ ಧೂಳು ಮೆತ್ತಿತ್ತು.

"ಕುಡದಳೇನೋ?" ಎಂದರು ಅಜ್ಜಾರು.

"ಅರ್ಧಾ ಕುಡದಳ್ರಿ. ಉಳದದ್ದ ನನಗ ಕುಡಿಸಿದಳು."

ಕಲ್ಮೇಶ ಬರಿದಾದ ತಂಬಿಗೆಯನ್ನು ಅವರ ಮುಂದೆ ಇಟ್ಟ.

"ಅಜ್ಜಾರ, ದೀಕ್ಷಾ ನನಗ ಬ್ಯಾಡ್ರಿ. ಅದಕ್ಕ ನಾ ತಕ್ಕಾಂವಲ್ಲ. ಮುಖ ತೊಳಕೊಂಡು ಅಡಗಿಮನಿ ಕೆಲಸಕ್ಕ ಹೋಗ್ತೀನಿ."

ಅಜ್ಜಾರು ಪೆಟ್ಟಿಗೆ ತೆರೆದು ಕಾವಿ ಹೊರತೆಗೆದರು. ಅವನ ಮುಖವನ್ನೇ ನೋಡುತ್ತ ನಿಂತರು.

"ತೊಳಕೋಬ್ಯಾಡೋ ತಮ್ಮಾ. ಹಂಗ ಬಂದು ಕುಂಡ್ರು. ಇವತ್ತ ಭಾಳ ಚಂದ ಕಾಣಾಕತ್ತೀ."